ಒಂದೇ ಬರಹವನ್ನು ಮೂರು ಕಡೆ ಕೊಟ್ಟೆ, ಎಲ್ಲೂ ಕೆಲಸ ಆಗಲಿಲ್ಲ. ಎಲ್ಲಿ ತಪ್ಪಿದೆ ಹೇಳಿ

ಜಗಳೂರು ಹುಡುಗಿ
ಎಲ್ಲರಿಗೂ ನಮಸ್ಕಾರ. ನಮ್ಮದು ಜಗಳೂರು ತಾಲ್ಲೂಕಿನ ಒಂದು ಹಳ್ಳಿ. ಮಳೆ ನಂಬಿದ ನಾಲ್ಕು ಎಕರೆ ಮೆಕ್ಕೆಜೋಳ. ನಾನು ದಾವಣಗೆರೆಯಲ್ಲಿ ಡಿಗ್ರಿ ಓದುತ್ತಿದ್ದೇನೆ. ಈ ಸಲ ಊರ ತುಂಬಾ ಮೆಕ್ಕೆಜೋಳ ತಿನ್ನುವ ಸೈನಿಕ ಹುಳು ಬಿತ್ತು. 2018ರಲ್ಲಿ ನಮ್ಮ ದೇಶದಲ್ಲೇ ಮೊದಲು ಪಕ್ಕದ ಶಿವಮೊಗ್ಗದಲ್ಲಿ ಕಂಡ ಹುಳು ಅದು. ಅಪ್ಪ, ಚಿಕ್ಕಪ್ಪ, ಪಕ್ಕದ ಹೊಲದವರು ಎಲ್ಲರೂ ಅಂಗಡಿಯವರು ಕೊಟ್ಟ ಔಷಧಿಯನ್ನು ಕಣ್ಣಳತೆಯಲ್ಲಿ ಬೆರೆಸಿ ಹೊಡೆಯುತ್ತಿದ್ದರು. ನೋಡಲಾಗಲಿಲ್ಲ. ಒಂದು ವಾರ ಕೂತು, ಓದಿ, ಈ ಹುಳದ ಹತೋಟಿ ಬಗ್ಗೆ ಎರಡು ಪುಟ ಬರೆದೆ.

ಅದನ್ನೇ 200 ಜೆರಾಕ್ಸ್ ಮಾಡಿಸಿ ಊರಲ್ಲಿ ಹಂಚಿದೆ. ಅದನ್ನೇ ಒಂದು ಪತ್ರಿಕೆಗೆ ಕಳಿಸಿದೆ. ಊರಿಗೆ ಬಂದು ತೋರಿಸಿಕೊಡಿ ಅಂತ ಕೇಳಲು ಅದಕ್ಕೇ ಒಂದು ಸಾಲು ಸೇರಿಸಿ ಕೃಷಿ ಕಚೇರಿಗೂ ಕೊಟ್ಟೆ. ಪತ್ರಿಕೆಯಲ್ಲಿ ಬರಲಿಲ್ಲ. ಕಚೇರಿಯಲ್ಲಿ "ಇದರಲ್ಲಿ ನಿಮ್ಮ ಬೇಡಿಕೆ ಏನಮ್ಮ" ಅಂದರು. ಊರಲ್ಲಿ ನಾಲ್ಕನೇ ದಿನ ಸಂಜೆ ಮಿರ್ಚಿ ಕಟ್ಟಿಸಿಕೊಂಡು ಬಂದರೆ ಸುತ್ತಿದ ಹಾಳೆ ನನ್ನದೇ. ಅವತ್ತು ರಾತ್ರಿ ಊಟ ಸೇರಲಿಲ್ಲ.

ಶುರು ಹೀಗಿತ್ತು: "ಸ್ಪೋಡಾಪ್ಟೆರಾ ಫ್ರುಜಿಪರ್ಡಾ ಎಂಬ ವೈಜ್ಞಾನಿಕ ನಾಮಧೇಯವುಳ್ಳ ಈ ಕೀಟವು ಅಮೆರಿಕ ಖಂಡ ಮೂಲದ್ದಾಗಿದ್ದು, ಪ್ರತಿ ಹೆಕ್ಟೇರಿಗೆ 200 ಗ್ರಾಂ ಎಮಾಮೆಕ್ಟಿನ್ ಬೆಂಜೊಯೇಟ್ 5 ಎಸ್‌ಜಿ ಅನ್ನು 500 ಲೀಟರ್ ನೀರಿನಲ್ಲಿ ಬೆರೆಸಿ ಸಿಂಪಡಿಸತಕ್ಕದ್ದು."

ಒಂದು ಅಕ್ಷರವೂ ಸುಳ್ಳಿಲ್ಲ. ಆದರೂ ಯಾಕೆ ಹೀಗಾಯಿತು?

ಹೊಲದ ಡಾಕ್ಟರು
ತಂಗಿ, ಮಾಹಿತಿ ಸರಿ ಇದೆ. ಓದುವವರು ಯಾರು ಅಂತ ಮಾತ್ರ ನೋಡಿಲ್ಲ. ನಿಮ್ಮಪ್ಪ ಹೊಲವನ್ನು ಹೆಕ್ಟೇರಿನಲ್ಲಿ ಹೇಳುತ್ತಾರಾ? ಎಕರೆ, ಗುಂಟೆ ಅನ್ನುತ್ತಾರೆ. 500 ಲೀಟರ್ ನೀರು ಎಲ್ಲಿ ಬೆರೆಸುತ್ತಾರೆ? ಅವರ ಬೆನ್ನ ಮೇಲೆ ಇರುವುದು 16 ಲೀಟರ್ ಕ್ಯಾನು. ಆ 5 ಎಸ್‌ಜಿ ಔಷಧಿ (ನೂರಕ್ಕೆ ಐದು ಪಾಲು ಕೀಟನಾಶಕ ಇರುವ, ನೀರಲ್ಲಿ ಕರಗುವ ಹರಳು) ಲೀಟರಿಗೆ 0.4 ಗ್ರಾಂ ಅಂದರೆ ಒಂದು ಕ್ಯಾನಿಗೆ ಸುಮಾರು ಆರೂವರೆ ಗ್ರಾಂ. ಅವರಿಗೆ ಬೇಕಿದ್ದುದು ಅದೊಂದು ಲೆಕ್ಕ. ನೀವು ಅದನ್ನು ಅವರ ತಲೆಗೇ ಬಿಟ್ಟಿದ್ದೀರಿ. ಬಿಸಿಲಲ್ಲಿ ನಿಂತು, ಕೈಯಲ್ಲಿ ಪ್ಯಾಕೆಟ್ ಹಿಡಿದು, ಹೆಕ್ಟೇರನ್ನು ಎಕರೆ ಮಾಡಿ, ಎಕರೆಯನ್ನು ಕ್ಯಾನಿಗೆ ಇಳಿಸಿ ಲೆಕ್ಕ ಹಾಕುವವರು ಯಾರು? ಮತ್ತೆ ಕಣ್ಣಳತೆಗೇ ಹೋಗುತ್ತಾರೆ.

ಎಣ್ಣೆಗಾಣ
ಹೌದು. ನಮ್ಮ ಚಳ್ಳಕೆರೆ ಕಡೆ ಶೇಂಗಾ ಬೆಳೆಗೆ ಕೊಡುವ ಹಾಳೆಗಳೂ ಹೀಗೇ.

ನಿವೃತ್ತ ಮೇಷ್ಟ್ರು
ಮಗಳೇ, ಮೊದಲು ಇದನ್ನು ಕೇಳು. ನೀನು ಬರೆದದ್ದು ಪರೀಕ್ಷೆಯ ಉತ್ತರ. ನಾವು ಮೇಷ್ಟ್ರುಗಳೇ ಹಾಗೆ ಕಲಿಸಿದ್ದೇವೆ. ಹೊಳಲ್ಕೆರೆ ಸುತ್ತ ಮೂವತ್ತು ವರ್ಷ ಕನ್ನಡ ಪಾಠ ಮಾಡಿದವನು ನಾನು. ಪರೀಕ್ಷೆಯಲ್ಲಿ ಓದುಗ ಒಬ್ಬನೇ, ವಿಷಯ ಮೊದಲೇ ಗೊತ್ತಿರುವ ಮೇಷ್ಟ್ರು. ಅವನಿಗೆ ನಿನಗೆ ಗೊತ್ತಿದೆ ಅಂತ ತೋರಿಸಿದರೆ ಸಾಕು. ಹನ್ನೆರಡು ಹದಿನೈದು ವರ್ಷ ಮಕ್ಕಳು ಆ ಒಬ್ಬ ಓದುಗನಿಗೇ ಬರೆಯುತ್ತಾರೆ. ಆಮೇಲೆ ಹೊರಗೆ ಬಂದು ಗೊತ್ತಿಲ್ಲದವನಿಗೆ ಬರೆಯಬೇಕಾದಾಗ ಕೈ ಅದೇ ದಾರಿ ಹಿಡಿಯುತ್ತದೆ. ಇದು ನಿನ್ನ ತಪ್ಪಲ್ಲ.

ಪತ್ರಲೇಖನ ಕಲಿಸುವಾಗ "ಇಂದ, ಇವರಿಗೆ, ಮಾನ್ಯರೇ, ವಿಷಯ" ಅಂತ ಬಾಯಿಪಾಠ ಮಾಡಿಸಿದೆವು. ಆ "ವಿಷಯ" ಅನ್ನುವ ಸಾಲು ಯಾರಿಗಾಗಿ ಇದೆ ಅಂತ ಒಂದು ದಿನವೂ ಹೇಳಲಿಲ್ಲ. ಈಗ ಅದಕ್ಕೆ ಬೇಸರವಾಗುತ್ತದೆ.

ಅರ್ಜಿ ಅಣ್ಣ
ಮೇಷ್ಟ್ರೇ, ನಾನು ಹೇಳುತ್ತೇನೆ. ಆ ಸಾಲು ಟಪಾಲು ತೆಗೆದುಕೊಳ್ಳುವವರಿಗೆ. ಅವರ ಮುಂದೆ ದಿನಕ್ಕೆ ಒಂದು ಕಟ್ಟು ಕಾಗದ ಬರುತ್ತದೆ. ಯಾವ ಶಾಖೆಗೆ ಕಳಿಸಬೇಕು ಅನ್ನುವುದಷ್ಟೇ ಅವರ ಕೆಲಸ. "ವಿಷಯ: ನಮ್ಮ ಗ್ರಾಮದಲ್ಲಿ ಸೈನಿಕ ಹುಳು ಹತೋಟಿಯ ಪ್ರಾತ್ಯಕ್ಷಿಕೆ ಏರ್ಪಡಿಸುವ ಬಗ್ಗೆ" ಅಂತ ಇದ್ದರೆ ಅರ್ಧ ನಿಮಿಷದಲ್ಲಿ ಸರಿಯಾದ ಮೇಜಿಗೆ ಹೋಗುತ್ತದೆ. ಇಲ್ಲದಿದ್ದರೆ ಎಲ್ಲೋ ಕೂರುತ್ತದೆ.

ಮಾಹಿತಿ ಹಕ್ಕಿನ ಅರ್ಜಿ ಇನ್ನೂ ಬೇರೆ. ಅದು 2005ರ ಕಾಯ್ದೆ. ಅರ್ಜಿ ಹಾಕುವವರು ಕಾರಣ ಹೇಳಬೇಕಾಗಿಯೇ ಇಲ್ಲ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದ ಮೀರಬಾರದು, ಶುಲ್ಕ 10 ರೂಪಾಯಿ. ಆದರೂ ಜನ ನಾಲ್ಕು ಪುಟ ನೋವು ಬರೆದುಕೊಂಡು ಬರುತ್ತಾರೆ. ಮೊನ್ನೆ ಒಬ್ಬ ಯಜಮಾನರು "ನಮ್ಮೂರ ರಸ್ತೆ ಯಾಕೆ ಆರು ತಿಂಗಳಿಗೇ ಕಿತ್ತುಹೋಯಿತು" ಅಂತ ಬರೆಸಲು ಬಂದರು. ಯಾಕೆ ಅಂದರೆ ಉತ್ತರ ಬರುವುದಿಲ್ಲ, ಆ ಕಾಯ್ದೆಯಲ್ಲಿ ಸಿಗುವುದು ಕಚೇರಿಯಲ್ಲಿರುವ ಕಾಗದ ಮಾತ್ರ ಅಂದೆ. ಅಂದಾಜು ಪಟ್ಟಿಯ ನಕಲು, ಕೆಲಸದ ಆದೇಶದ ನಕಲು, ಅಳತೆ ಪುಸ್ತಕದ ನಕಲು, ಮೂರೇ ಸಾಲು ಕೇಳಿದೆವು. ಅವರಿಗೆ ಸಮಾಧಾನ ಆಗಲಿಲ್ಲ, "ನನ್ನ ಸಂಕಟ ಎಲ್ಲಿ ಬರೆದೆ" ಅಂದರು. ಸಂಕಟ ಬರೆಯಲು ಪತ್ರಿಕೆ ಇದೆ ಯಜಮಾನ್ರೇ, ಇಲ್ಲಿ ನಕಲು ಕೇಳೋಣ ಅಂದೆ. 30 ದಿನದ ಗಡುವಿನೊಳಗೆ ನಕಲು ಕೈಗೆ ಬಂತು. ರಸ್ತೆಯ ದಪ್ಪ ಎಷ್ಟಿರಬೇಕಿತ್ತು ಅಂತ ಅದರಲ್ಲೇ ಇತ್ತು. ಈಗ ಅದನ್ನು ಹಿಡಿದು ಪತ್ರಿಕೆಗೆ ಬರೆಯುತ್ತಿದ್ದಾರೆ.

ಅರೆಕಾಲಿಕ ವರದಿಗಾರ
ಪತ್ರಿಕೆಯ ಮಾತು ಬಂತು, ಅದಕ್ಕೆ ಹೇಳುತ್ತೇನೆ. ಜಗಳೂರು ತಂಗಿ, ನಿಮ್ಮ ಬರಹದಲ್ಲಿ ಸುದ್ದಿ ಇರಲಿಲ್ಲ. ಹುಳದ ಬಗ್ಗೆ ಇತ್ತು, ನಿಮ್ಮ ಊರಿನ ಬಗ್ಗೆ ಇರಲಿಲ್ಲ. ಎಷ್ಟು ಎಕರೆಗೆ ಬಿದ್ದಿದೆ, ಯಾವ ವಾರದಿಂದ, ಯಾರ ಹೊಲ ಪೂರ್ತಿ ಹೋಯಿತು, ಅವರು ಏನು ಹೇಳಿದರು? ಅದು ಮೊದಲ ಪ್ಯಾರಾದಲ್ಲಿ ಬರಬೇಕು. ರಾತ್ರಿ ಪುಟ ಕಟ್ಟುವಾಗ ಜಾಗ ಸಾಲದಿದ್ದರೆ ಕೊನೆಯಿಂದ ಕತ್ತರಿಸುತ್ತಾರೆ. ನೀವು ಮುಖ್ಯ ಮಾತನ್ನು ಕೊನೆಗೆ ಇಟ್ಟರೆ ಮೊದಲು ಹೋಗುವುದು ಅದೇ.

ಕವಿತೆ ಬರೆಯುವವ
ಎಲ್ಲರೂ ಒಂದೇ ಕಡೆ ಮಾತಾಡುತ್ತಿದ್ದೀರಿ, ನನಗೆ ಒಪ್ಪಿಗೆ ಇಲ್ಲ. ಓದುವವನನ್ನು ನೋಡಿಕೊಂಡು ಬರೆದರೆ ಅದು ಓಲೈಕೆ ಆಗುತ್ತದೆ. ಇವರಿಗೆ ಇದು ಅರ್ಥವಾಗುವುದಿಲ್ಲ, ಅವರಿಗೆ ಅದು ಹಿಡಿಸುವುದಿಲ್ಲ ಅಂತ ಒಂದೊಂದೇ ಬಿಡುತ್ತಾ ಹೋದರೆ ಕೊನೆಗೆ ಬರೆಯುವವನ ಮಾತು ಏನು ಉಳಿಯಿತು? ರೈತರಿಗೆ ಕಷ್ಟದ ಪದ ತಿಳಿಯುವುದಿಲ್ಲ ಅಂತ ನೀವೇ ತೀರ್ಮಾನ ಮಾಡುವುದು ಸರಿಯಾ? ಬಯಲಾಟದ ಪದಗಳನ್ನು ರಾತ್ರಿಯಿಡೀ ಕೂತು ಕೇಳುವ ಜನ ಅವರು. ಅದರಲ್ಲಿ ಎಷ್ಟು ಹಳೆಗನ್ನಡ, ಎಷ್ಟು ಸಂಸ್ಕೃತ ಬರುತ್ತದೆ ಗೊತ್ತಾ?

ಹೊಲದ ಡಾಕ್ಟರು
ಔಷಧಿಯ ಅಳತೆಗೂ ಕವಿತೆಗೂ ಹೋಲಿಕೆ ಬೇಡ ಸರ್.

ನಿವೃತ್ತ ಮೇಷ್ಟ್ರು
ಇಲ್ಲ, ಅವರು ಹೇಳಿದ್ದರಲ್ಲಿ ತಿರುಳಿದೆ. ಬಯಲಾಟಕ್ಕೆ ಬಂದವನು ಪದ ಕೇಳಲೇ ಬಂದಿರುತ್ತಾನೆ. ಬೆಳಗಿನವರೆಗೆ ಟೈಮ್ ಇದೆ, ಒಂದು ಪದ ಅರ್ಥವಾಗದಿದ್ದರೂ ಮದ್ದಳೆ ಇದೆ, ವೇಷ ಇದೆ, ಕಥೆ ಮೊದಲೇ ಗೊತ್ತಿದೆ. ಅದೇ ಮನುಷ್ಯ ಮರುದಿನ ಹೊಲದಲ್ಲಿ ನಿಂತಾಗ ಬೇರೆ ಓದುಗ. ಜನ ಅದೇ, ಹೊತ್ತು ಬೇರೆ. ನಾವು "ರೈತರು" ಅಂತ ಒಂದು ಗುಂಪು ಮಾಡಿಕೊಂಡು ಅವರಿಗೆ ಸುಲಭ ಮಾಡಿ ಕೊಡೋಣ ಅನ್ನುವುದು ತಪ್ಪು. ಯಾವ ಹೊತ್ತಿನಲ್ಲಿ, ಕೈಯಲ್ಲಿ ಏನಿದ್ದಾಗ ಓದುತ್ತಾರೆ ಅಂತ ಯೋಚಿಸಬೇಕು. ಕವಿಗಳೇ, ನಿಮ್ಮ ಕವಿತೆಗೂ ಹೊತ್ತು ಇದೆ ಅಲ್ವಾ? ಮದುವೆ ಮನೆ ಮೈಕಿನಲ್ಲಿ ಓದುತ್ತೀರಾ?

ಕವಿತೆ ಬರೆಯುವವ
ಓದುವುದಿಲ್ಲ ಮೇಷ್ಟ್ರೇ. ಹೊತ್ತು ಅನ್ನುವ ಮಾತು ಒಪ್ಪುತ್ತೇನೆ. ಓಲೈಕೆಯ ಭಯ ಮಾತ್ರ ಬಿಡುವುದಿಲ್ಲ.

ಪ್ರೆಸ್ಸಿನವರು
ಮದುವೆ ಅಂದಿರಲ್ಲ, ನಮ್ಮ ಅನುಭವ ಕೇಳಿ. ದಾವಣಗೆರೆ ಹಳೇಪೇಟೆಯಲ್ಲಿ ನಮ್ಮಪ್ಪನ ಕಾಲದಿಂದ ಲಗ್ನಪತ್ರಿಕೆ ಹಾಕುತ್ತಿದ್ದೇವೆ. ಮೂರು ವರ್ಷದ ಹಿಂದೆ ಒಬ್ಬ ಹುಡುಗ ಬಂದ, ಓದಿದವನು. ಹಳೇ ಮಾತು ಯಾವುದೂ ಬೇಡ, ಗೆಳೆಯನಿಗೆ ಕರೆದ ಹಾಗೆ ಎಂಟು ಸಾಲು ಸಾಕು ಅಂದ. ಬರೆದದ್ದು ಬಹಳ ಚೆನ್ನಾಗಿತ್ತು, ನಾನೇ ಎರಡು ಸಲ ಓದಿದೆ. 500 ಹಾಕಿಕೊಟ್ಟೆ. ಒಂದು ವಾರಕ್ಕೆ ಅವರಪ್ಪ ಬಂದರು. ಹುಡುಗನ ದೊಡ್ಡಪ್ಪ ಪತ್ರಿಕೆ ವಾಪಸ್ ಕಳಿಸಿದ್ದಾರೆ, "ಸುಖಾಗಮನ ಬಯಸುವವರು" ಅಂತ ಕೆಳಗೆ ಹೆಸರುಗಳೇ ಇಲ್ಲ, ನಾನು ಈ ಮನೆಯವನು ಅಲ್ವಾ ಅಂದರಂತೆ. ಮತ್ತೆ 300 ಹಳೇ ರೀತಿಯಲ್ಲಿ ಹಾಕಿದೆವು. ಗೆಳೆಯರಿಗೆ ಅದು, ನೆಂಟರಿಗೆ ಇದು.

ಆ ಕೆಳಗಿನ ಹೆಸರುಗಳನ್ನು ಹೊರಗಿನವರು ಯಾರೂ ಓದುವುದಿಲ್ಲ ಅಂತ ನಾನೂ ಅಂದುಕೊಂಡಿದ್ದೆ. ಹೆಸರು ಇರುವವರು ಓದುತ್ತಾರೆ. ಅವರಿಗೆ ಪತ್ರಿಕೆ ಅಂದರೆ ಅದೇ ಭಾಗ.

ತೀರಿಕೊಂಡವರ ಕಾರ್ಡ್ ಇನ್ನೂ ಸೂಕ್ಷ್ಮ. ಲಿಂಗಾಯತರ ಮನೆಯಾದರೆ ಲಿಂಗೈಕ್ಯರಾದರು, ಶಿವಗಣಾರಾಧನೆ ಅಂತ ಹಾಕಬೇಕು. ಬೇರೆಯವರಿಗೆ ವೈಕುಂಠ ಸಮಾರಾಧನೆ. ಮುಸ್ಲಿಮರ ಮನೆಗೆ, ಕ್ರಿಶ್ಚಿಯನ್ನರ ಮನೆಗೆ ಬೇರೆ. ಕಂಪ್ಯೂಟರಿನಲ್ಲಿ ಹಳೇ ಫೈಲ್ ತೆಗೆದು ಹೆಸರು ಮಾತ್ರ ಬದಲಾಯಿಸುವ ಹುಡುಗರಿಗೆ ನಾನು ಬೈಯುವುದು ಇದಕ್ಕೇ. ಸಾವಿನ ಮನೆಯಲ್ಲಿ ಒಂದು ಪದ ತಪ್ಪಿದರೆ ಅವರು ಜೀವನಪೂರ್ತಿ ಮರೆಯುವುದಿಲ್ಲ.

ಪಿ.ಜೆ. ಬಡಾವಣೆ ಅಕ್ಕ
ಅಯ್ಯೋ ಅಣ್ಣಾರೆ, ಎಷ್ಟು ನಿಜ. ನಮ್ಮ ಮಾವನವರ ಕಾರ್ಡಿನಲ್ಲಿ ಹೀಗೇ ಆಗಿ ಅತ್ತೆ ಅತ್ತೇಬಿಟ್ಟರು.

ನನ್ನದು ಅಡುಗೆ. ಅಮೆರಿಕದಲ್ಲಿರುವ ತಂಗಿಗೆ ಬೆಣ್ಣೆ ದೋಸೆ ಬರೆದು ಕಳಿಸಿದ್ದೆ. "ಹಿಟ್ಟು ಹದಕ್ಕೆ ಬಂದ ಮೇಲೆ ಕಾವಲಿ ಕಾದಾಗ ಹುಯ್ಯಿ, ಬೆಣ್ಣೆ ಬೇಕಾದಷ್ಟು ಹಾಕು" ಅಂತ. ನನಗೆ ಅದು ಪೂರ್ತಿ ವಿವರ. ಅವಳಿಗೆ ದೋಸೆ ಕಾವಲಿ ಬಿಡಲೇ ಇಲ್ಲ. ಹದ ಅಂದರೆ ಏನು ಅಂತ ಫೋನು ಮಾಡಿ ಕೇಳಿದಳು. ಅಲ್ಲಿಯ ಚಳಿಗೆ ಹಿಟ್ಟು ಒಂದು ರಾತ್ರಿಗೆ ಹುಳಿ ಬರುವುದಿಲ್ಲ, ಅದು ನನಗೆ ಹೊಳೆಯಲೇ ಇಲ್ಲ. ಎರಡನೇ ಸಲ ಬರೆಯುವಾಗ ಅವಳ ಅಡುಗೆಮನೆಯಲ್ಲಿ ನಿಂತಿದ್ದೇನೆ ಅಂದುಕೊಂಡು ಬರೆದೆ. ಅಕ್ಕಿ ಎಷ್ಟು ಲೋಟ, ಉದ್ದಿನಬೇಳೆ ಎಷ್ಟು, ಮಂಡಕ್ಕಿ ಎಷ್ಟು, ಹಿಟ್ಟು ಉಬ್ಬಿ ಮೇಲೆ ಗುಳ್ಳೆ ಬರುವವರೆಗೆ ಕಾಯಿ ಅಂತ.

ಎಣ್ಣೆಗಾಣ
ಬೆಣ್ಣೆ ದೋಸೆ ಹಿಟ್ಟಿಗೆ ಮಂಡಕ್ಕಿನಾ? ನಮ್ಮ ಮನೆಯಲ್ಲಿ ಅವಲಕ್ಕಿ ಹಾಕುತ್ತಾರೆ.

ಪಿ.ಜೆ. ಬಡಾವಣೆ ಅಕ್ಕ
ದಾವಣಗೆರೆಯಲ್ಲಿ ಕೂತು ಅವಲಕ್ಕಿ ಅನ್ನಬೇಡಿ ಅಣ್ಣಾ. ಮಂಡಕ್ಕಿ ಭಟ್ಟಿ ಇರುವ ಊರು ಇದು.

ಅರ್ಜಿ ಅಣ್ಣ
ಅವರು ಚಳ್ಳಕೆರೆಯಲ್ಲಿ ಕೂತಿದ್ದಾರೆ ಅಕ್ಕ, ಬಿಡಿ.

ದುರ್ಗದ ಬಂಡೆ
ಈ ವಿಷಯಕ್ಕೆ ನಮ್ಮ ಜಿಲ್ಲೆಯಲ್ಲೇ ಬಹಳ ಹಳೆಯ ಉದಾಹರಣೆ ಇದೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ ಬಂಡೆಯ ಮೇಲೆ ಅಶೋಕನ ಶಾಸನ ಇದೆ ಅಲ್ವಾ, 1892ರಲ್ಲಿ ಶಾಸನ ತಜ್ಞ ಬಿ.ಎಲ್. ರೈಸ್ ಪತ್ತೆ ಮಾಡಿದ್ದು. ಹತ್ತಿರದಲ್ಲೇ ಸಿದ್ದಾಪುರ, ಜಟಿಂಗ ರಾಮೇಶ್ವರದಲ್ಲೂ ಇವೆ. ಅದು ಶುರುವಾಗುವುದು ಪತ್ರದ ರೀತಿಯಲ್ಲಿ. ಸುವರ್ಣಗಿರಿಯಿಂದ ಆರ್ಯಪುತ್ರ (ಅಂದರೆ ರಾಜಕುಮಾರ) ಮತ್ತು ಮಹಾಮಾತ್ರರ (ಅಂದರೆ ದೊಡ್ಡ ಅಧಿಕಾರಿಗಳ) ಮಾತಿನಂತೆ ಇಸಿಲ ಅನ್ನುವ ಊರಿನ ಮಹಾಮಾತ್ರರ ಆರೋಗ್ಯ ವಿಚಾರಿಸಿ, ಆಮೇಲೆ ವಿಷಯ. ಈಗಿನ "ಇಂದ, ಇವರಿಗೆ" ಅಂದರೆ ಅದೇ. ಯಾರು, ಯಾರಿಗೆ, ಯಾವ ಊರಿನಿಂದ ಅನ್ನುವುದು ಮೊದಲು. ಕೊನೆಗೆ ತಂದೆ ತಾಯಿ ಮಾತು ಕೇಳಿ, ನಿಜ ಹೇಳಿ, ಗುರುಗಳಿಗೆ ಗೌರವ ಕೊಡಿ ಅಂತ ಎಲ್ಲರಿಗೂ ತಿಳಿಯುವ ಚಿಕ್ಕ ಚಿಕ್ಕ ಮಾತು. ಒಂದೇ ಬಂಡೆಯಲ್ಲಿ ಅಧಿಕಾರಿಗೂ ಮಾತಿದೆ, ಜನಕ್ಕೂ ಮಾತಿದೆ.

ಇನ್ನೊಂದು ಇದೆ, ನನಗೆ ಅದು ಜಾಸ್ತಿ ಇಷ್ಟ. ಅದನ್ನು ಬರೆದವನ ಹೆಸರು ಚಪಡ. ಶಾಸನ ಪೂರ್ತಿ ಬ್ರಾಹ್ಮಿ ಲಿಪಿಯಲ್ಲಿದೆ. ಅವನ ಹೆಸರಿನ ಜೊತೆ ಬರುವ "ಲಿಪಿಕಾರ", ಅಂದರೆ ಬರೆಯುವವನು, ಅನ್ನುವ ಪದ ಮಾತ್ರ ಖರೋಷ್ಠಿಯಲ್ಲಿದೆ. ವಾಯವ್ಯದ ಗಾಂಧಾರದ ಕಡೆಯ ಲಿಪಿ, ಬಲದಿಂದ ಎಡಕ್ಕೆ ಬರೆಯುವುದು. ಇಲ್ಲಿ ಅದನ್ನು ಓದುವವರು ಯಾರಿದ್ದರು? ರಾಜನ ಮಾತನ್ನು ಓದುವವರ ಲಿಪಿಯಲ್ಲಿ ಬರೆದು, ತನ್ನ ಕೆಲಸದ ಹೆಸರನ್ನು ತನ್ನ ಲಿಪಿಯಲ್ಲಿ ಬರೆದುಕೊಂಡ.

ಕವಿತೆ ಬರೆಯುವವ
ಇದು ಗೊತ್ತಿರಲಿಲ್ಲ. ನಾನು ಹೇಳಬೇಕಿದ್ದ ಮಾತು ಇದೇ. ಆ ಒಂದು ಪದದ ಜಾಗ ಬರೆಯುವವನಿಗೆ ಇರಬೇಕು. ಭಾನುವಾರ ಬ್ರಹ್ಮಗಿರಿಗೆ ಹೋಗಿ ನೋಡಿ ಬರುತ್ತೇನೆ.

ಅರೆಕಾಲಿಕ ವರದಿಗಾರ
ಆದರೆ ಸರ್, ಆ ಶಾಸನ ಪ್ರಾಕೃತದಲ್ಲಿದೆ. ಇಲ್ಲಿಯ ಜನರ ಮಾತು ಅದಲ್ಲ. ಓದುಗರನ್ನು ನೋಡಿ ಬರೆದದ್ದು ಅಂತ ಹೇಗೆ ಹೇಳುತ್ತೀರಿ?

ದುರ್ಗದ ಬಂಡೆ
ಬರೆದದ್ದು ಮಹಾಮಾತ್ರರಿಗೆ, ಅವರಿಗೆ ಪ್ರಾಕೃತ ಬರುತ್ತಿತ್ತು. ಜನಕ್ಕೆ ಅವರು ಬಾಯಲ್ಲಿ ಹೇಳಿರಬೇಕು ಅನ್ನುವುದು ನನ್ನ ಊಹೆ.

ಮಾಯಕೊಂಡದ ತಾತ
ಬಾಯಲ್ಲಿ ಹೇಳುವುದು ಅಂದಾಗ ನೆನಪಾಯಿತು. ನಮ್ಮ ಚಿಕ್ಕಂದಿನಲ್ಲಿ ತಳವಾರ ಡಂಗುರ ಸಾರುತ್ತಿದ್ದ. ಮೊದಲು ತಮಟೆ. "ಕೇಳ್ರಪ್ಪೋ ಕೇಳ್ರಿ" ಅಂತ ಎರಡು ಸಲ. ಆಮೇಲೆ ದಿನ, ಆಮೇಲೆ ಜಾಗ, ಆಮೇಲೆ ಏನು ಮಾಡಬೇಕು. ನಾಳೆ ಸೋಮವಾರ, ಕೆರೆ ಏರಿ ಹತ್ತಿರ, ಮನೆಗೊಂದು ಆಳು, ಗುದ್ದಲಿ ಪುಟ್ಟಿ ಹಿಡಿದು ಬರಬೇಕು. ಮುಗಿಯಿತು. ಮುಂದಿನ ಓಣಿಯಲ್ಲಿ ಮತ್ತೆ ಅದೇ. ಒಳಗೆ ರೊಟ್ಟಿ ಬಡಿಯುವ ಹೆಂಗಸಿಗೆ ಅರ್ಧ ಕಿವಿಗೆ ಬಿದ್ದರೂ ತಿಳಿಯಬೇಕು. ಅವನಿಗೆ ಓದು ಬರುತ್ತಿರಲಿಲ್ಲ. ಏರಿ ಕೆಲಸಕ್ಕೆ ಮಾತ್ರ ಇಡೀ ಊರು ಬಂದಿರುತ್ತಿತ್ತು.

ಮಗಳು ಬರೆದ ಹಾಳೆಯನ್ನು ಮೊದಲು ಅವಳಪ್ಪನಿಗೆ ಓದಿ ಹೇಳಲಿ. ಅವನು ಎಲ್ಲಿ "ಆಂ?" ಅನ್ನುತ್ತಾನೋ ಅಲ್ಲಿ ತಿದ್ದಲಿ.

ಜಗಳೂರು ಹುಡುಗಿ
ತಾತ, ನಿಮ್ಮ ಮಾತು ಕೇಳಿ ನಿನ್ನೆ ರಾತ್ರಿ ಹಾಗೇ ಮಾಡಿದೆ. ಅಪ್ಪನ ಮುಂದೆ ಹಳೇ ಹಾಳೆ ಓದಿದೆ. ಮೊದಲ ಸಾಲಿಗೇ "ಇದು ಯಾವ ಹುಳ" ಅಂದರು. ಹೆಸರೇ ತಿಳಿಯಲಿಲ್ಲ. ಸುಳಿಯಲ್ಲಿ ಲದ್ದಿ ಕಾಣುತ್ತದೆ, ಅದಕ್ಕೇ ನಾವು ಲದ್ದಿ ಹುಳ ಅನ್ನುತ್ತೇವೆ ಅಂದರು. ತಲೆಯ ಮೇಲೆ ಇಂಗ್ಲಿಷಿನ ವೈ ಅಕ್ಷರ ತಲೆಕೆಳಗಾದ ಹಾಗೆ ಗೆರೆ ಇರುತ್ತದೆ ಅಂತ ಬರೆದಿದ್ದೆ. ಅಪ್ಪನಿಗೆ ಇಂಗ್ಲಿಷ್ ಅಕ್ಷರ ಬರುವುದಿಲ್ಲ. ನಾನು ನೆಲದ ಮೇಲೆ ಗೀಚಿ ತೋರಿಸಿದೆ. "ಕವಲು ಕಡ್ಡಿ ಅನ್ನು" ಅಂದರು. ಇಷ್ಟು ದಿನ ಒಂದೇ ಮನೆಯಲ್ಲಿದ್ದು ನಾನು ಅವರನ್ನು ಒಂದು ಮಾತೂ ಕೇಳಿರಲಿಲ್ಲ.

ಕಚೇರಿಗೆ ಬೇರೆ ಅರ್ಜಿ ಬರೆದೆ, ಅರ್ಜಿ ಅಣ್ಣ ಹೇಳಿದ ವಿಷಯದ ಸಾಲು ಹಾಕಿ, ಒಂದೇ ಬೇಡಿಕೆ, ಅರ್ಧ ಪುಟ. ಪತ್ರಿಕೆಗೆ ಬರೆಯುವ ಮೊದಲು ನಾಳೆ ಹೊಲಗಳಿಗೆ ಹೋಗಿ ಎಷ್ಟು ಎಕರೆ ಅಂತ ಕೇಳಿಕೊಂಡು ಬರುತ್ತೇನೆ. ಕರಪತ್ರ ಈಗ ಹೀಗಿದೆ:

"ಮೆಕ್ಕೆಜೋಳದ ಸುಳಿಯಲ್ಲಿ ಲದ್ದಿ ಕಂಡಿತಾ? ಹುಳದ ತಲೆ ನೋಡಿ. ಕವಲು ಕಡ್ಡಿಯಂಥ ಬಿಳಿ ಗೆರೆ ಇದೆಯಾ? ಬಾಲದ ಹತ್ತಿರ ನಾಲ್ಕು ಕಪ್ಪು ಚುಕ್ಕೆ ಚೌಕವಾಗಿ ಇವೆಯಾ? ಅದು ಸೈನಿಕ ಹುಳು. 16 ಲೀಟರ್ ಕ್ಯಾನಿಗೆ ಎಮಾಮೆಕ್ಟಿನ್ ಬೆಂಜೊಯೇಟ್ 5 ಎಸ್‌ಜಿ ಒಂದು ಚಮಚ ಹಾಕಿ. ಬೆಳಿಗ್ಗೆ ಅಥವಾ ಸಂಜೆ ಹೊಡೆಯಿರಿ. ಔಷಧಿ ಸುಳಿಯೊಳಗೆ ಬೀಳಬೇಕು. ಮುಖಕ್ಕೆ ಬಟ್ಟೆ ಕಟ್ಟಿ. ಕೈ ತೊಳೆಯದೆ ಬೀಡಿ, ಎಲೆ ಅಡಿಕೆ ಬೇಡ."

ಅರೆಕಾಲಿಕ ವರದಿಗಾರ
ಬಹಳ ಚೆನ್ನಾಗಿದೆ. ಒಂದೇ ಉಸಿರಿಗೆ ಓದಿದೆ.

ಹೊಲದ ಡಾಕ್ಟರು
ಚೆನ್ನಾಗಿದೆ, ಆದರೆ ಚಮಚ ತೆಗೆಯಿರಿ, ದಯವಿಟ್ಟು. ಒಬ್ಬೊಬ್ಬರ ಮನೆ ಚಮಚ ಒಂದೊಂದು ಅಳತೆ. ಇಲ್ಲಿ ಸುಲಭ ಮಾಡಲು ಹೋಗಿ ತಪ್ಪು ಮಾಡುತ್ತಿದ್ದೀರಿ. ಆರೂವರೆ ಗ್ರಾಂ ಅಂತಲೇ ಹಾಕಿ. ಬ್ಯಾಟರಿ ಪಂಪ್ ಕೆಲವರದು 20 ಲೀಟರ್ ಇರುತ್ತದೆ, ಅವರಿಗೆ 8 ಗ್ರಾಂ. ಎಕರೆಗೆ 80 ಗ್ರಾಂ, ಅಂದರೆ 16ರ ಕ್ಯಾನು ಹನ್ನೆರಡೂವರೆ. ಇದೂ ಇರಲಿ, ಅಂಗಡಿಯಲ್ಲಿ ಎಷ್ಟು ಕೊಳ್ಳಬೇಕು ಅಂತ ತಿಳಿಯುತ್ತದೆ. ಮುಖಕ್ಕೆ ಬರೀ ಬಟ್ಟೆ ಸಾಲದು, ಮಾಸ್ಕು, ಕೈಗೆ ಗ್ಲೌಸು ಅಂತ ಬರೆಯಿರಿ.

ಪಿ.ಜೆ. ಬಡಾವಣೆ ಅಕ್ಕ
ಗ್ರಾಂ ತೂಗಲು ಹಳ್ಳಿ ಮನೆಯಲ್ಲಿ ಏನಿರುತ್ತದೆ ಸರ್? ಚಮಚ ಬರೆದದ್ದು ಅದಕ್ಕೇ ಅಲ್ವಾ ಪಾಪ.

ಹೊಲದ ಡಾಕ್ಟರು
ಅದೂ ಸರಿ ಅಕ್ಕ. ಹಾಗಾದರೆ ಒಂದು ದಾರಿ ಇದೆ. ಅಂಗಡಿಯಲ್ಲಿ ತಕ್ಕಡಿ ಇರುತ್ತದೆ, ಅಲ್ಲೇ ಆರೂವರೆ ಗ್ರಾಂ ತೂಗಿಸಿ, ಒಂದು ಪ್ಲಾಸ್ಟಿಕ್ ಮುಚ್ಚಳಕ್ಕೆ ಹಾಕಿ, ಎಲ್ಲಿಗೆ ಬರುತ್ತದೋ ಅಲ್ಲಿ ಗೀಟು ಹಾಕಿಕೊಳ್ಳಲಿ. ಆ ಮುಚ್ಚಳವನ್ನು ಔಷಧಿಗೆ ಮಾತ್ರ ಇಟ್ಟುಕೊಳ್ಳಬೇಕು, ಮಕ್ಕಳ ಕೈಗೆ ಸಿಗಬಾರದು. ಇದನ್ನೂ ಒಂದು ಸಾಲು ಬರೆಯಿರಿ.

ಜಗಳೂರು ಹುಡುಗಿ
ಈಗಲೇ ತಿದ್ದುತ್ತೇನೆ. ಮುಚ್ಚಳದ ಮಾತು ಅಪ್ಪನಿಗೂ ಹೇಳಿದೆ, ತಲೆ ಆಡಿಸಿದರು.

ಪ್ರೆಸ್ಸಿನವರು
ತಂಗಿ, ತಿದ್ದಿದ ಮೇಲೆ ನನಗೆ ಕಳಿಸು. ಜೆರಾಕ್ಸ್ ಹಾಳೆ ಬೇಡ, ಹೊಲದಲ್ಲಿ ಒದ್ದೆ ಕೈಗೆ ನಿಲ್ಲುವುದಿಲ್ಲ, ಮಿರ್ಚಿಗೂ ಅದೇ ಹೋಗುತ್ತದೆ. ದಪ್ಪ ಕಾರ್ಡಿನಲ್ಲಿ ಹಾಕಿಕೊಡುತ್ತೇನೆ, ಮೇಲೆ ಒಂದು ತೂತು ಇರಲಿ, ಕ್ಯಾನಿನ ಪಟ್ಟಿಗೆ ಕಟ್ಟಿಕೊಳ್ಳಬಹುದು. ಅಕ್ಷರ ದೊಡ್ಡದಿರಲಿ, ಕನ್ನಡಕ ಮನೆಯಲ್ಲಿ ಬಿಟ್ಟು ಬಂದವರೂ ಓದಬೇಕು. ಕವಲು ಕಡ್ಡಿಯ ಚಿತ್ರ ನೀನೇ ಬರೆದು ಕೊಡು, ನೆಲದ ಮೇಲೆ ಅಪ್ಪನಿಗೆ ಗೀಚಿ ತೋರಿಸಿದೆಯಲ್ಲ, ಹಾಗೇ. ಮೊದಲ 100ಕ್ಕೆ ದುಡ್ಡು ಬೇಡ.

ಮಾಯಕೊಂಡದ ತಾತ
ನಮ್ಮೂರಿಗೂ 20 ಬೇಕು.